ಅಳತೆಗೆ ನಿಂತವರು

"ಆರು ಮನೆ ಒಳಗೆ ಕರ್ಕೊಂಡು ಹೋಗು. ಏಳನೇದರ ಮುಂದೆ ಬೀದೀಲೇ ನಿಂತು ಹೇಳೋದು ಹೇಳಿ ಮುಂದಕ್ಕೆ ನಡಿ. ಆ ಬಾಗಿಲಲ್ಲಿ ಮಾತ್ರ ಯಾರನ್ನೂ ನಿಲ್ಲಿಸಬೇಡ ಕಣಮ್ಮ," ಅಂದರು ಮೇಷ್ಟ್ರು.

"ಯಾಕೆ ಮೇಷ್ಟ್ರೇ, ದೆವ್ವಕ್ಕೆ ಬಾಡಿಗೆಗೆ ಕೊಟ್ಟಿದಾರಾ?" ಅಂತ ಅವಳು ನಕ್ಕಳು.

ಮೇಷ್ಟ್ರು ನಗಲಿಲ್ಲ. "ದೆವ್ವ ಆಗಿದ್ರೆ ನಾನೂ ನಗ್ತಿದ್ದೆ. ಇದು ಮಾಟ. ಆ ಬಾಗಿಲಿಗೆ ಅಳತೆ ಕೊಡಬಾರದು."

"ಟೇಪು ಹಿಡೀಬೇಡ ಅಂತ ತಾನೇ? ಹಿಡಿಯಲ್ಲ ಬಿಡಿ."

"ಟೇಪಲ್ಲಮ್ಮ, ಪೂರ್ತಿ ಕೇಳು..."

ಪೂರ್ತಿ ಕೇಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಹದಿನೇಳು ವರ್ಷ ಬೆನ್ನು ಬಗ್ಗಿಸಿ ದುಡಿದವಳು. ಗೆರೆ ಎಳೆದು ತೋರಿಸಿದ್ದನ್ನಷ್ಟೇ ನಂಬುವವಳು. ಆ ಕಚೇರಿ ಮುಚ್ಚಿದ ಮೇಲೆ ಸಿಕ್ಕಿದ್ದು ಈ ಕೆಲಸ: ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಹಳೇ ಬಡಾವಣೆಯ ಬೀದಿಗಳಲ್ಲಿ ನಡೆದು, ನೂರು ವರ್ಷ ದಾಟಿದ ಎಂಟು ಮನೆಗಳನ್ನು ತೋರಿಸುವುದು. ಮೇಷ್ಟ್ರು ಈ ಕೆಲಸವನ್ನು ಹನ್ನೊಂದು ವರ್ಷ ಮಾಡಿದ್ದರು. ಮೊದಲು ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದರಂತೆ, ಹಾಗಾಗಿ ಎಲ್ಲರಿಗೂ ಮೇಷ್ಟ್ರೇ. ಈಗ ಬೆನ್ನು ಕೊಕ್ಕೆಯಾಗಿ, ನಾಲ್ಕು ಹೆಜ್ಜೆ ಇಟ್ಟರೆ ಉಸ್ಸಪ್ಪಾ ಅನ್ನುವ ಸ್ಥಿತಿ. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ವಯಸ್ಸಾದ ಮೇಲೆ ಮನುಷ್ಯರು ಕುಗ್ಗುತ್ತಾರೆ, ಜೊತೆಗೆ ಬುದ್ಧಿಯೂ ಸ್ವಲ್ಪ ಕುಗ್ಗುತ್ತದೆ ಎಂದುಕೊಂಡು ಅವಳು ಮನೆಗಳ ಪಟ್ಟಿ ಇಸಿದುಕೊಂಡು ಎದ್ದಳು. ಮುದುಕರ ಸಮಾಧಾನಕ್ಕೆ ಆ ಮನೆ ಹತ್ತಿರ ಟೇಪು ತೆಗೆಯದಿದ್ದರಾಯಿತು, ಅಷ್ಟೇ ತಾನೇ?

ಮೊದಲ ಭಾನುವಾರ ಮಗಳನ್ನೂ ಕರೆದುಕೊಂಡು ಹೋದಳು. ಮನೆಯಲ್ಲಿ ಬಿಟ್ಟು ಹೋಗೋಣವೆಂದರೆ ನೋಡಿಕೊಳ್ಳುವವರು ಯಾರು? ಗಂಡ ಅನ್ನಿಸಿಕೊಂಡವನು ಮಗುವಿಗೆ ಎರಡು ವರ್ಷ ಇರುವಾಗಲೇ ಹೇಳದೆ ಕೇಳದೆ ಹೋಗಿದ್ದ. ಅತ್ತ ಅವನ ಕಡೆಯವರಿಲ್ಲ, ಇತ್ತ ಇವಳ ಕಡೆಯವರಿಲ್ಲ. ಇವಳಿಗೆ ಅವಳು, ಅವಳಿಗೆ ಇವಳು, ಮುಗಿಯಿತು. ಮಗಳಿಗೆ ಒಂಬತ್ತು ವರ್ಷ. ತರಗತಿಗೆಲ್ಲ ಎತ್ತರ, ಕೊನೇ ಬೆಂಚು, ತಾಯಿ ಕರೆಯುವುದೇ 'ಏಣಿ' ಅಂತ. ತಿಂಗಳಿಗೊಮ್ಮೆ ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ತಲೆಯ ಮೇಲೆ ಪೆನ್ಸಿಲ್ ಗೀಟು ಹಾಕಿಸಿಕೊಳ್ಳುವುದೆಂದರೆ ಆ ಹುಡುಗಿಗೆ ಎಲ್ಲಿಲ್ಲದ ಖುಷಿ.

ಆರು ಮನೆ ಚೆನ್ನಾಗಿಯೇ ಆಯಿತು. ಮೊಟ್ಟೆಯಾಕಾರದ ಕಿಟಕಿಯ ಮನೆ, ಎರಕದ ಕಬ್ಬಿಣದ ಸುರುಳಿ ಮೆಟ್ಟಿಲಿನ ಮನೆ, ಇಬ್ಬರು ಅಣ್ಣತಮ್ಮಂದಿರು ಜಗಳವಾಡಿ ನಡುವೆ ಗೋಡೆ ಎಬ್ಬಿಸಿ ಒಂದೇ ಕಮಾನನ್ನು ಎರಡು ಮಾಡಿಕೊಂಡ ಮನೆ. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಏಳನೇ ಮನೆಯ ತಿರುವಿಗೆ ಬಂದಾಗ ಬಿಸಿಲು ಚೆನ್ನಾಗಿ ಏರಿತ್ತು. ಆದರೆ ಆ ಮನೆಯ ಮುಂದಿನ ಹತ್ತು ಗಜ ಜಾಗ ಆಗ ತಾನೇ ನೀರು ಬಸಿದ ಹಾಗೆ ತಣ್ಣಗಿತ್ತು. ಯಾರೂ ವಾಸವಿಲ್ಲದ ಮನೆ. ಬಾಗಿಲಿಗೆ ಕದಗಳೇ ಇರಲಿಲ್ಲ, ದಾರಂದದ ಚೌಕಟ್ಟು ಮಾತ್ರ. ಅದರೊಳಗೆ ಕತ್ತಲೆ. ಹಗಲು ಹನ್ನೊಂದು ಗಂಟೆಯಲ್ಲಿ, ಹೊಸ್ತಿಲಿನಿಂದ ಒಂದೇ ಅಡಿ ಆಚೆಗೆ, ಬೆಳಕು ಮುಂದೆ ಹೋಗಲು ಒಲ್ಲೆ ಅಂದು ನಿಂತುಬಿಟ್ಟಿತ್ತು. ಒಳಗಿನಿಂದ ವಾಸನೆ ಬರುತ್ತಿತ್ತು. ಹಸಿ ಸುಣ್ಣದ್ದು, ಸುಟ್ಟ ಕೂದಲಿನದ್ದು. ನೂರು ವರ್ಷದ ಗೋಡೆಯಲ್ಲಿ ಹಸಿ ಸುಣ್ಣ ಎಲ್ಲಿಂದ ಬರಬೇಕು? ಅವಳಿಗೆ ಆ ಪ್ರಶ್ನೆ ಬಂತು, ಆದರೆ ಜನ ಕಾಯುತ್ತಿದ್ದರು.

"ಕೆರೆ ಮುಚ್ಚಿ, ಆ ಮಣ್ಣಿನ ಮೇಲೆ ಕಟ್ಟಿದ ಮನೆ ಇದು," ಅಂದಳು. "ಮೇಲಿಂದ ಬಾಗಿಲ ಪಕ್ಕ ಕೆಳಗಿನವರೆಗೂ ಬಿರುಕು ನೋಡಿ. ಒಳಗೆ ಅಂಗೈ ತೂರಿಸಬಹುದು. ಲೆಕ್ಕದ ಪ್ರಕಾರ ಇದು ಎಂದೋ ಬೀಳಬೇಕಿತ್ತು. ಯಾಕೆ ಬಿದ್ದಿಲ್ಲ ಅಂತ ಯಾವ ಇಂಜಿನಿಯರಿಗೂ ಗೊತ್ತಿಲ್ಲ. ಬಾಗಿಲು ಹನ್ನೊಂದು ಅಡಿ ಎತ್ತರ."

"ಹನ್ನೊಂದಾ? ಹಾಗೆ ಕಾಣಲ್ಲವಲ್ಲ," ಅಂದರು ಯಾರೋ.

ಇಲ್ಲಿ ಒಂದು ಮಾತು ಹೇಳಬೇಕು. ಕಟ್ಟಡದವರಿಗೆ ಒಂದು ಅಭ್ಯಾಸವಿರುತ್ತದೆ. ಬರೀ ಬಾಗಿಲಿನ ಫೋಟೋ ತೆಗೆದರೆ ಅದು ಅರಮನೆಯದೋ ಗೊಂಬೆಮನೆಯದೋ ತಿಳಿಯುವುದಿಲ್ಲ. ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತರೆ ಎತ್ತರ ಗೊತ್ತಾಗುತ್ತದೆ. ಅದಕ್ಕೆ ಅವರು ಎಲ್ಲಿ ಹೋದರೂ ಯಾರನ್ನಾದರೂ ಹಿಡಿದು "ಅಳತೆಗೆ ನಿಂತ್ಕೊಳ್ಳಿ" ಅನ್ನುತ್ತಾರೆ. ಹದಿನೇಳು ವರ್ಷದಿಂದ ದಿನಕ್ಕೆ ನಾಲ್ಕು ಸಲ ಅಂದ ಮಾತು. ಅದು ಅವಳ ಬಾಯಿಂದ ಬರುವಾಗ ತಲೆಯನ್ನು ಕೇಳಿ ಬರುತ್ತಿರಲಿಲ್ಲ.

"ಏಣಿ, ಅಳತೆಗೆ ನಿಂತ್ಕೊ ಬಾ," ಅಂದಳು.

ಹುಡುಗಿ ಕುಣಿಯುತ್ತಾ ಹೋಗಿ ಹೊಸ್ತಿಲ ಮೇಲೆ ನಿಂತು, ಹಿಮ್ಮಡಿ ಕೂಡಿಸಿ, ಗಲ್ಲ ಎತ್ತಿದಳು. ತಾಯಿ ಫೋನು ಎತ್ತಿ ಒತ್ತಿದಳು. ಅದೇ ಹೊತ್ತಿಗೆ ಕತ್ತಲೆಯೊಳಗೆ ಟಣ್ ಅಂತ ಒಂದು ಸದ್ದು. ಗಾರೆಯವರು ಗೋಡೆಗೆ ಸುಣ್ಣದ ದಾರ ಬಿಗಿದು ಮಿಡಿಯುತ್ತಾರಲ್ಲ, ಆ ಸದ್ದು. ಯಾರೂ ಅದಕ್ಕೆ ಗಮನ ಕೊಡಲಿಲ್ಲ. ಮಗಳು ಓಡಿ ಬಂದಾಗ ಅವಳ ಬೈತಲೆಗೆ ಅಡ್ಡವಾಗಿ ಬೆರಳಗಲ ಬಿಳಿ ಗೆರೆ ಇತ್ತು. ಮುಟ್ಟಿದರೆ ಹಸಿ ಸುಣ್ಣ. "ಎಲ್ಲಿ ತಲೆ ತಾಗಿಸಿಕೊಂಡೆ ಪೆದ್ದಿ?" ಎಂದು ಸೆರಗಿನಿಂದ ಒರೆಸಿ, ಎಂಟನೇ ಮನೆಗೆ ಕರೆದುಕೊಂಡು ಹೋದಳು.

ಮುಂದಿನ ಶುಕ್ರವಾರ ಮಗಳು ಶಾಲೆಗೆ ಹೊರಟು ನಿಂತಾಗ ಲಂಗ ಮೊಣಕಾಲಿನ ಕೆಳಗಿಳಿದಿತ್ತು. ಸೊಂಟದ ಹತ್ತಿರ ಸಡಿಲವಾಗಿರಬೇಕು ಎಂದು ತಾಯಿ ಮೇಲಕ್ಕೆ ಎಳೆದು ಕಟ್ಟಿದಳು. ಎರಡನೇ ವಾರ ಬೂಟು ಲೊಡಲೊಡ ಅನ್ನತೊಡಗಿತು. ಹುಡುಗಿ ಊಟದ ನಡುವೆಯೇ ತೂಕಡಿಸುತ್ತಿದ್ದಳು. ಕಾಲಿನ ಮೂಳೆಯನ್ನು ಯಾರೋ ಒಳಗಿಂದ ಜಗ್ಗುತ್ತಿದ್ದಾರೆ ಎನ್ನುತ್ತಿದ್ದಳು. ಮೂರನೇ ವಾರ ಟೀಚರು ಅವಳನ್ನು ಕೊನೇ ಬೆಂಚಿನಿಂದ ಎಬ್ಬಿಸಿ ಮುಂದೆ ಕೂರಿಸಿದರಂತೆ, ಹಿಂದಿನಿಂದ ಬೋರ್ಡು ಕಾಣುವುದಿಲ್ಲ ಅಂತ.

"ಅಮ್ಮ, ಗೀಟು ಹಾಕು," ಅಂತ ಅವಳೇ ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಪೆನ್ಸಿಲ್ಲು ಹೋದ ತಿಂಗಳ ಗೀಟಿಗಿಂತ ಮೂರು ಬೆರಳು ಕೆಳಗೆ ತಾಗಿತು. ತಾಯಿ ನಂಬಲಿಲ್ಲ. ಮರ ಹಿಗ್ಗಿದೆಯೇ ಎಂದು ದಾರಂದ ನೋಡಿದಳು. ನೆಲ ಕುಸಿದಿದೆಯೇ ಎಂದು ಮಟ್ಟ ಹಿಡಿದಳು. ಕೊನೆಗೆ ಚೀಲದಿಂದ ಟೇಪು ತೆಗೆದು ಮಗಳನ್ನು ನೆಲದ ಮೇಲೆ ಮಲಗಿಸಿ ಮೂರು ಸಲ ಅಳೆದಳು. ಮೂರು ಸಲವೂ ಅದೇ ಬಂತು. ಹದಿನೇಳು ವರ್ಷ ಅವಳ ಅನ್ನ ಆ ಟೇಪಿನಿಂದ ಬಂದಿತ್ತು. ಅದು ಸುಳ್ಳು ಹೇಳುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಡಾಕ್ಟರು ರಕ್ತ ತೆಗೆಸಿದರು, ಎಕ್ಸ್‌ರೇ ತೆಗೆಸಿದರು. ಎಲ್ಲ ಸರಿಯಾಗಿದೆ, ಹಿಂದೆ ಅಳೆಯುವಾಗ ನೀವೇ ತಪ್ಪಿರಬೇಕು ಅಂದರು. ಆ ಭಾನುವಾರ ಅವಳು ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಜನರ ಜೊತೆ ಏಳನೇ ಮನೆಯ ಮುಂದೆ ನಿಂತಳು. ಎಂದಿನಂತೆ, "ಬಿರುಕಿನೊಳಗೆ ಅಂಗೈ ತೂರಿಸಬಹುದು" ಎಂದು ಕೈ ಇಟ್ಟಳು. ತೂರಲಿಲ್ಲ. ಮೂರು ಬೆರಳಗಲ ಮುಚ್ಚಿಕೊಂಡಿತ್ತು. ಮುಚ್ಚಿದ ಜಾಗದಲ್ಲಿ ಗಾರೆ ಇನ್ನೂ ಒದ್ದೆಯಾಗಿ, ಬೆಚ್ಚಗಿತ್ತು. ಮಗುವಿನ ಹಣೆ ಮುಟ್ಟಿದಷ್ಟು ಬೆಚ್ಚಗೆ. ಅವಳು ಅಲ್ಲೇ ಕುಸಿದು ಕೂತಳು. ಬಂದವರು ಬಿಸಿಲಿಗೆ ತಲೆ ಸುತ್ತಿರಬೇಕು ಎಂದು ನೀರು ಕೊಟ್ಟರು.

ಮಾರನೇ ದಿನ ಬಾಗಿಲು ತಟ್ಟಿದವರು ಮೇಷ್ಟ್ರು. ಕೋಲಿರಲಿಲ್ಲ. ಬೆನ್ನು ನೆಟ್ಟಗಿತ್ತು. ಆದರೆ ನೆಟ್ಟಗೆ ನಿಂತರೂ ಅವರು ಅವಳ ಎದೆಯ ಮಟ್ಟಕ್ಕಷ್ಟೇ ಬರುತ್ತಿದ್ದರು.

"ಮೂರು ವಾರದಿಂದ ನನಗೆ ನೋವಿಲ್ಲ," ಅಂದರು. "ಯಾರನ್ನ ನಿಲ್ಲಿಸಿದೆ ತಾಯಿ?"

ಅವಳು ಒಳಗೆ ಮಲಗಿದ್ದ ಮಗಳ ಕಡೆ ಕೈ ತೋರಿಸಿದಳು. ಮೇಷ್ಟ್ರು ನೋಡಿದರು, ಗೋಡೆ ಹಿಡಿದು ಕೂತರು, ಬಿಕ್ಕಿ ಬಿಕ್ಕಿ ಅತ್ತರು.

ಅವತ್ತು ಕೇಳದೆ ಬಿಟ್ಟ ಮಾತನ್ನು ಅವಳು ಈಗ ಪೂರ್ತಿ ಕೇಳಿದಳು. ಮನೆ ಕಟ್ಟಿಸಿದ ಸಾಹುಕಾರನ ಗೋಡೆ ಮೂರು ಸಲ ಬಿದ್ದಿತಂತೆ. ಅವನು ಒಬ್ಬ ಮಂತ್ರವಾದಿಯನ್ನು ಕರೆಸಿದ. ಬದುಕಿರುವ ಒಬ್ಬರ ಎತ್ತರವನ್ನು ದಾರದಲ್ಲಿ ಅಳೆದು ಬಾಗಿಲ ಪಕ್ಕದ ಗೋಡೆಯಲ್ಲಿ ಹುಗಿದರೆ ಮನೆ ನಿಲ್ಲುತ್ತದೆ ಅಂದ ಅವನು. ಗಾರೆ ಮೇಸ್ತ್ರಿಯ ಮಗಳು ಅಪ್ಪನಿಗೆ ಬುತ್ತಿ ತಂದಿದ್ದಳು. ಬಾಗಿಲು ಎಷ್ಟು ಎತ್ತರ ಇರಬೇಕು ನೋಡೋಣ, ಇಲ್ಲಿ ನಿಂತ್ಕೊ ಮಗು, ಅಂದ ಸಾಹುಕಾರ. ಅಪ್ಪ ಗೋಡೆ ಕಟ್ಟಲು ಹಾಕಿದ್ದ ಸಾರುವೆಯ ಬೊಂಬುಗಳ ಮೇಲಿದ್ದ, ನೋಡಲಿಲ್ಲ. ಗೋಡೆ ಏರಿದ ಹಾಗೆ ಹುಡುಗಿ ಇಳಿದಳು. ಕೊನೆಗೆ ಅಪ್ಪ ಅವಳನ್ನು ಒಂದು ಕೈಯಲ್ಲಿ ಎತ್ತಿಕೊಂಡು ಮಣ್ಣಿಗೆ ಹೊತ್ತನಂತೆ. ಸತ್ಯ ಗೊತ್ತಾದ ದಿನ ಆ ಮೇಸ್ತ್ರಿ ತನ್ನ ತಲೆಗೂದಲು ಕಿತ್ತು, ಸುಟ್ಟು, ಅದೇ ಹೊಸ್ತಿಲ ಮೇಲೆ ಉಗಿದು ಹೇಳಿದ: "ಈ ಮನೆ ಬೀಳದೇ ಇರಲಿ. ಇದರ ಹಸಿವೂ ತೀರದೇ ಇರಲಿ."

"ಮೊದಲು ಹೋಗಿದ್ದು ಸಾಹುಕಾರನ ಮಕ್ಕಳು," ಅಂದರು ಮೇಷ್ಟ್ರು. "ಆಮೇಲೆ ಯಾರ್ಯಾರೋ. ಮೂರು ವರ್ಷದ ಹಿಂದೆ ಪತ್ರಿಕೆಯವರು ಫೋಟೋಗೆ ಅಂತ ನನ್ನ ನಿಲ್ಲಿಸಿದ್ರು. ಒಂದೂವರೆ ಅಡಿ ತಿಂದಿದೆ ನನ್ನನ್ನ. ಒಂದು ಹೊತ್ತಿಗೆ ಒಬ್ಬರೇ ಅದಕ್ಕೆ. ಹೊಸಬರು ಸಿಕ್ಕಿದ್ರೆ ಹಳಬರನ್ನ ಬಿಡುತ್ತೆ. ಅದಕ್ಕೇ ನಾನು ಇನ್ನೊಬ್ಬರನ್ನ ನಿಲ್ಲಿಸಲಿಲ್ಲ."

"ಫೋಟೋ ಅಳಿಸಿಬಿಟ್ಟೆ ಮೇಷ್ಟ್ರೇ."

"ಅಳೆದದ್ದು ಅಳೆದಾಯ್ತಲ್ಲಮ್ಮ."

"ಮನೇನೇ ಕೆಡವಿಸಿದ್ರೆ?"

"ಅದು ಬಿದ್ದ ಕ್ಷಣ ನಿನ್ನ ಮಗಳೂ ಬೀಳ್ತಾಳೆ. ದೊಡ್ಡವರನ್ನ ಅದು ನಿಧಾನವಾಗಿ ತಿನ್ನುತ್ತೆ, ತಿಂಗಳಿಗೆ ಅರ್ಧ ಅಂಗುಲ. ಬೆಳೆಯೋ ಮೈ ಸಿಕ್ಕಿದ್ರೆ ಅದಕ್ಕೆ ತಡೆಯಕ್ಕಾಗಲ್ಲ." ಅವರು ಕಣ್ಣೊರೆಸಿಕೊಂಡರು. "ಭಾನುವಾರ ನಾನು ಬರ್ತೀನಿ. ನೀನೇ ನಿಲ್ಲಿಸಿ ತೆಗಿ. ನನಗೆ ಹಿಂದೆ ಮುಂದೆ ಯಾರೂ ಇಲ್ಲ. ಹೋದದ್ದು ವಾಪಸ್ ಬರಲ್ಲ, ಆದ್ರೆ ಅವಳು ಮಗು, ಮತ್ತೆ ಬೆಳೀತಾಳೆ."

ಬೇಡ ಅನ್ನಬೇಕಿತ್ತು. ಅವಳು ಬೇಡ ಅನ್ನಲಿಲ್ಲ. ಹೆತ್ತ ಕರುಳು, ತಪ್ಪು ಹುಡುಕುವವರು ಹುಡುಕಲಿ.

ಆ ಭಾನುವಾರ ಬಂದವರಲ್ಲಿ ಟೈರಂಗಡಿ ಇಟ್ಟಿದ್ದವನೊಬ್ಬ ಇದ್ದ. ಆರಡಿ ಮೂರಂಗುಲದ ಆಳು, ಬಾಯಿ ಅದಕ್ಕಿಂತ ಉದ್ದ. ಪ್ರತಿ ಮನೆಯ ಬಾಗಿಲಲ್ಲೂ "ನನ್ನಂಥವನಿಗೆ ಕಟ್ಟಿದ್ದಲ್ಲ ಬಿಡಿ ಮೇಡಮ್, ನಮ್ಮ ಮನೆಯವಳಿಗಾದ್ರೆ ಸರಿ" ಎಂದು ಜೋಕು ಹಾರಿಸಿ ತಾನೇ ಮೊದಲು ನಗುತ್ತಿದ್ದ. ಏಳನೇ ಮನೆಯ ಮುಂದೆ ಅವಳು ಫೋನು ಎತ್ತಿಕೊಂಡಳು. ಮೇಷ್ಟ್ರು ಮೆಲ್ಲನೆ ಹೊಸ್ತಿಲ ಕಡೆ ಹೆಜ್ಜೆ ಇಟ್ಟರು. ಅಷ್ಟರಲ್ಲಿ ಇವನು, "ತಾಳಿ ತಾಳಿ, ಈ ಬಾಗಿಲಿಗೆ ನಾನೇ ಸರಿ!" ಎಂದು ಎರಡೇ ದಾಪುಗಾಲಿಗೆ ಹೋಗಿ ನಡು ಬಾಗಿಲಲ್ಲಿ ನಿಂತು ಕೈ ಅಗಲಿಸಿದ.

ಮೇಷ್ಟ್ರು ಅವಳ ಮುಖ ನೋಡಿದರು. ಬೇಡ ಎಂದು ತಲೆಯಾಡಿಸಿದರು.

ಅವಳ ಬೆರಳು ಒತ್ತಿತು.

ಟಣ್.

ಅವನು ತಲೆ ಕೆರೆದುಕೊಂಡ. ಉಗುರಿಗೆ ಹತ್ತಿದ ಸುಣ್ಣ ನೋಡಿ, "ಮನೆ ನನಗೇ ಬಳಿದುಬಿಟ್ಟಿತಲ್ಲ!" ಎಂದು ನಕ್ಕ. ಎಲ್ಲರೂ ನಕ್ಕರು. ಅವಳೂ ನಕ್ಕಳು.

"ಹೇಳು ಅವನಿಗೆ," ಎಂದು ಮೇಷ್ಟ್ರು ಪಿಸುಗುಟ್ಟಿದರು. ಅವಳು "ಬನ್ನಿ, ಇನ್ನೊಂದು ಮನೆ ಇದೆ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಮೇಷ್ಟ್ರು ಬರಲಿಲ್ಲ. ಆಮೇಲೆ ಅವರು ಅವಳ ಜೊತೆ ಮಾತೇ ಆಡಲಿಲ್ಲ. ಎರಡು ತಿಂಗಳಿಗೆ ತೀರಿಕೊಂಡರು ಎಂಬ ಸುದ್ದಿ ಬಂತು. ನಿದ್ದೆಯಲ್ಲೇ ಹೋದರಂತೆ.

ಏಣಿ ಮಾತ್ರ ಚಿಗುರಿದಳು. ಗಬಗಬ ಉಂಡಳು, ಮೆಟ್ಟಿಲು ಹಾರಿದಳು, ಮತ್ತೆ ಹಿಂದಿನ ಬೆಂಚು ಬೇಕೆಂದು ಟೀಚರ ಜೊತೆ ಜಗಳ ತೆಗೆದಳು. ತಾಯಿ ಪ್ರತಿ ರಾತ್ರಿ ತನಗೆ ತಾನೇ ಒಂದೇ ಮಾತು ಹೇಳಿಕೊಂಡಳು: ಅವನಿಗೆ ಆರಡಿ ಮೂರಂಗುಲ ಇದೆ, ಸ್ವಲ್ಪ ಹೋದರೆ ಏನಂತೆ? ಹೇಳಿಕೊಂಡಷ್ಟೂ ನಿದ್ದೆ ದೂರವಾಯಿತು.

ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ಅವನು ಮತ್ತೆ ಬಂದ. ಪಕ್ಕದ ಮನೆಯವರು ಊರಲ್ಲಿಲ್ಲದ್ದರಿಂದ ಅವತ್ತು ಏಣಿಯೂ ಅವಳ ಜೊತೆಗಿದ್ದಳು. ಪ್ಯಾಂಟಿನ ತುದಿ ನೆಲ ಗುಡಿಸುತ್ತಿತ್ತು. ಕೆನ್ನೆ ಒಳಗೆ ಹೋಗಿತ್ತು. ಹೆಜ್ಜೆ ಇಡುವಾಗ ಹಲ್ಲು ಕಚ್ಚುತ್ತಿದ್ದ. ಆದರೂ ಬಾಯಿ ಅದೇ ಬಾಯಿ. "ಮೇಡಮ್, ನೆನಪಿದೀನಾ? ಸೊಂಟ ನೋವು ಅಂತ ಅಂಗಡಿಗೂ ಸರಿಯಾಗಿ ಹೋಗ್ತಿಲ್ಲ. ನೀನು ಗಿಡ್ಡ ಆಗ್ತಿದೀಯ ಅಂತಾಳೆ ಹೆಂಡ್ತಿ. ನಾನು ಹೇಳಿದೆ, ನಿನ್ನ ಮಾತು ಕೇಳಿ ಕೇಳಿ ಕುಗ್ಗಿಹೋದೆ ಅಂತ!" ಅವನ ಹೆಗಲ ಮೇಲೆ ಒಂದು ಪುಟ್ಟ ಹೆಣ್ಣುಮಗು ಕೂತಿತ್ತು. ನಾಲ್ಕು ವರ್ಷವಿರಬಹುದು. ಅಪ್ಪನ ಕಿವಿ ಎರಡನ್ನೂ ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಆರು ಮನೆಗಳಲ್ಲಿ ತಾನೇನು ಹೇಳಿದೆನೆಂದು ಅವಳಿಗೆ ನೆನಪಿಲ್ಲ. ಏಳನೇ ಮನೆಯ ಮುಂದೆ ಅವನು ಮಗುವನ್ನು ಇಳಿಸಿ, ದನಿ ತಗ್ಗಿಸಿ ಕೇಳಿದ: "ಈ ಮನೆ ಬಗ್ಗೆ ಏನೇನೋ ಮಾತಾಡ್ತಾರಂತಲ್ಲ ಮೇಡಮ್. ಇಲ್ಲಿ ನಿಂತ್ರೆ ಒಳ್ಳೇದಾಗಲ್ಲ ಅಂತ. ನಿಜವಾ?"

ಆ ಕಣ್ಣುಗಳಲ್ಲಿ ಭಯವಿತ್ತು. ನಗುವವನ ಭಯ. ನಿಜ ಹೇಳಿದರೆ ಅವನು ಏನು ಮಾಡುತ್ತಾನೆ? ಯಾರನ್ನಾದರೂ ಎಳೆದು ತಂದು ನಿಲ್ಲಿಸುತ್ತಾನೆ. ಇವಳಂತೆಯೇ. ಯಾರನ್ನು? ಇವಳ ಪಕ್ಕದಲ್ಲೇ ಏಣಿ ನಿಂತಿದ್ದಳು.

"ಅಯ್ಯೋ, ಅದೆಲ್ಲ ಸುಳ್ಳು ಸಾರ್," ಅಂದಳು.

ಅವನ ಮುಖ ಅರಳಿತು. "ಹಾಗನ್ನಿ! ಮತ್ತೆ, ಇವಳದ್ದೊಂದು ತೆಗೀರಿ. ಅಪ್ಪ ನಿಂತ ಜಾಗದಲ್ಲೇ ನಿಲ್ಲಬೇಕು ಅಂತ ಬೆಳಿಗ್ಗೆಯಿಂದ ಒಂದೇ ಹಟ."

ಮಗು ಆಗಲೇ ಓಡಿತ್ತು. ಪುಟ್ಟ ಚಪ್ಪಲಿ ಪಟಪಟ ಅನ್ನುತ್ತಿತ್ತು. ಬಾಗಿಲೊಳಗಿನ ಕತ್ತಲೆ ಹೊಸ್ತಿಲ ತುದಿಯವರೆಗೂ ಬಂದು ನಿಂತಿತ್ತು. ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಎದ್ದಿತು. ಒಳಗೆ ಎಲ್ಲೋ ದಾರ ಬಿಗಿಯುವ ಕಿರ್ರ್ ಸದ್ದು. ನಾಲ್ಕು ವರ್ಷ. ಮೂರೂವರೆ ಅಡಿ. ವಾರಕ್ಕೊಂದು ಬೆರಳು. ವರ್ಷ ಕಳೆಯುವುದರೊಳಗೆ ಮುಗಿಯುತ್ತದೆ.

"ನಿಲ್ಲು!"

ಅವಳ ಕೂಗಿಗೆ ಮಗು ಬೆದರಿ ಹೊಸ್ತಿಲ ಹತ್ತಿರವೇ ನಿಂತಿತು. ಅವಳು ಓಡಿದಳು. ಮಗುವನ್ನು ಎತ್ತಿ ಅಪ್ಪನ ಕೈಗೆ ತುರುಕಿದಳು. ಇನ್ನೊಂದು ಕೈಗೆ ಫೋನು ಕೊಟ್ಟಳು.

"ಮೊದಲು ನಂದೊಂದು ತೆಗೀರಿ ಸಾರ್. ಇಷ್ಟು ದಿನ ಎಲ್ಲರದ್ದೂ ತೆಗೆದೆ. ನಂದೇ ಒಂದೂ ಇಲ್ಲ."

ಹೊಸ್ತಿಲು ಹತ್ತಿದಳು. ಹಿಮ್ಮಡಿ ಕೂಡಿಸಿದಳು. ಬೆನ್ನ ಹಿಂದೆ ಯಾರೋ ಉಸಿರಾಡಿದರು. ತಣ್ಣನೆಯದೊಂದು ಹಿಮ್ಮಡಿಗೆ ತಾಗಿತು. ಮೀನಖಂಡಕ್ಕೆ ಬಂತು. ಸೊಂಟಕ್ಕೆ ಬಂತು. ಬೆನ್ನುಮೂಳೆಯ ಗಂಟುಗಳನ್ನು ಒಂದೊಂದಾಗಿ ಎಣಿಸಿತು. ಕುತ್ತಿಗೆ. ನೆತ್ತಿ. ಅವಳಿಗೆ ಓಡಿಹೋಗಬೇಕೆನಿಸಿತು. ಎದುರಿಗೆ ಏಣಿ ಕೈ ಬೀಸುತ್ತಿದ್ದಳು.

"ನಗಿ ಮೇಡಮ್!"

ಟಣ್.

ಟೈರಂಗಡಿಯವನು ಸೊಂಟ ಮುಟ್ಟಿಕೊಂಡು, ಏನೋ ಹಗುರಾಯಿತಲ್ಲ ಎಂಬಂತೆ ಬೆನ್ನು ನೆಟ್ಟಗೆ ಮಾಡಿದ. ಅವನ ಮಗು ನಂದು, ನಂದು ಎಂದು ಕಾಲು ನೆಲಕ್ಕೆ ಬಡಿದು ಅತ್ತಿತು. ಅವಳು ಇಳಿದು ಬಂದು, "ಬ್ಯಾಟರಿ ಮುಗಿದೋಯ್ತು ಪುಟ್ಟಿ" ಎಂದು ಅದರ ಕೆನ್ನೆ ಒರೆಸಿದಳು.

ಹದಿನೇಳು ವರ್ಷದ ಅಭ್ಯಾಸ, ತಲೆ ತಾನಾಗಿಯೇ ಲೆಕ್ಕ ಹಾಕಿತು. ತಾನು ಐದಡಿ ಮೂರಂಗುಲ. ತಿಂಗಳಿಗೆ ಅರ್ಧ ಅಂಗುಲ, ವರ್ಷಕ್ಕೆ ಆರು. ಏಣಿಗೆ ಹದಿನೆಂಟು ತುಂಬಲು ಒಂಬತ್ತು ವರ್ಷ. ಐವತ್ತನಾಲ್ಕು ಅಂಗುಲ ಹೋಗುತ್ತದೆ. ಉಳಿಯುವುದು ಒಂಬತ್ತು. ಅಲ್ಲಿಯವರೆಗೆ ಉಸಿರು ತಡೆಯುತ್ತದೋ ಇಲ್ಲವೋ ಯಾರಿಗೆ ಗೊತ್ತು? ತಡೆದರೆ, ಒಂಬತ್ತಂಗುಲದ್ದಾದರೂ ಅವಳಿಗೆ ಅಮ್ಮ ಅಂತ ಒಬ್ಬಳು ಇರುತ್ತಾಳೆ.

"ಅಮ್ಮ, ತಲೆ ಮೇಲೆ ಏನೋ ಬಿಳಿ ಆಗಿದೆ," ಅಂದಳು ಏಣಿ.

"ಇರಲಿ ಬಿಡು," ಎಂದು ಮಗಳ ಕೈ ಹಿಡಿದುಕೊಂಡು, ಉಳಿದವರಿಗೆ ಎಂಟನೇ ಮನೆಯ ದಾರಿ ತೋರಿಸಿದಳು.